ಅಳಿಸುವ ಅಧಿಕಾರ ಯಾರದು?

ನನ್ನ ನೋಟ್‌ಬುಕ್ ಹಟ ನಮ್ಮ ಕೋಆರ್ಡಿನೇಟರ್‌ಗೆ ಹಿಡಿಸುತ್ತಿರಲಿಲ್ಲ. ಗುರುಗ್ರಾಮದ ಇಂಟರ್‌ನ್ಯಾಷನಲ್ ಶಾಲೆ, ಮಗುವಿಗೊಂದು ಲ್ಯಾಪ್‌ಟಾಪ್, ಗೋಡೆಗೆ ಸ್ಮಾರ್ಟ್‌ಬೋರ್ಡ್. ಬ್ಲಾಗಿಗೆ ಹಾಕುವ ಬರಹವನ್ನು ಮೊದಲು ಪೆನ್ನಿನಲ್ಲಿ ಯಾಕೆ ಬರೆಸುತ್ತೀರಿ ಎಂದು ಎಲ್ಲರ ಮುಂದೆಯೇ ಕೇಳಿದ್ದರು. ನಾನು ತೀರ್ಥಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಬರೆದು, ಹೊಡೆದುಹಾಕಿ, ಮತ್ತೆ ಬರೆದರೇ ಯೋಚನೆ ಒಂದು ದಾರಿಗೆ ಬರುವುದು ಎಂದು ನಂಬಿದವಳು. ಹಟ ಬಿಡಲಿಲ್ಲ.

ಬ್ಲಾಗ್ ಬೇಕೆಂದವಳೂ ನಾನೇ. ಓದುವವಳು ಟೀಚರ್ ಒಬ್ಬಳೇ ಎಂದು ಗೊತ್ತಿದ್ದರೆ ಮಕ್ಕಳು ಮಾರ್ಕ್ಸಿಗೆ ಬೇಕಾದಷ್ಟು ಬರೆದು ಪುಸ್ತಕ ಮುಚ್ಚುತ್ತಾರೆ. ಏಳನೇ ತರಗತಿಯ ಭೂಗೋಳಕ್ಕೆಂದು, ಪೋಷಕರ ಸಹಿ ಪಡೆದು, ಮನೆಯವರಷ್ಟೇ ಓದಬಹುದಾದ ಬ್ಲಾಗ್ ತೆರೆದೆವು. ಒಬ್ಬ ಹುಡುಗ ಪಂಜಾಬಿನಲ್ಲಿ ಕೂಳೆ ಸುಡುವ ರೈತರನ್ನು ಬೈದು ಬರೆದ. ಲುಧಿಯಾನದಲ್ಲಿರುವ ಅವನ ಅಜ್ಜ ಅದನ್ನು ಓದಿ ಉದ್ದದ ಉತ್ತರ ಕಳಿಸಿದರು. ಅಂತರ್ಜಲ ಉಳಿಸಲೆಂದು 2009ರಲ್ಲಿ ಕಾನೂನು ಬಂದ ಮೇಲೆ ಭತ್ತದ ನಾಟಿ ಜೂನ್‌ಗೆ ಹೋಯಿತು, ಅದರ ಹಿಂದೆಯೇ ಕೊಯ್ಲೂ ತಡವಾಯಿತು. ಕಂಬೈನ್ ಹಾರ್ವೆಸ್ಟರ್ ಬಿಟ್ಟುಹೋದ ಕೂಳೆ ತೆಗೆದು ಗೋಧಿ ಬಿತ್ತಲು ಈಗ ಸಿಗುವುದು ಕೆಲವೇ ವಾರ ಎಂದು ವಿವರಿಸಿದ್ದರು. ಹುಡುಗ ತಾನಾಗಿಯೇ ಬರಹ ತಿದ್ದಿದ. ನನ್ನ ಕೆಂಪು ಪೆನ್ನಿನಿಂದ ಆ ಕೆಲಸ ಆಗುತ್ತಿರಲಿಲ್ಲ.

2024ರ ನವೆಂಬರ್ 18ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತು. ದೆಹಲಿಗೂ ಸುತ್ತಲಿನ ನಮ್ಮಂಥ ಊರುಗಳಿಗೂ ಅನ್ವಯಿಸುವ ಮಾಲಿನ್ಯ ತಡೆ ಯೋಜನೆ ಗ್ರಾಪ್‌ನ ನಾಲ್ಕನೇ ಹಂತ ಜಾರಿಯಾಯಿತು, ಕಟ್ಟಡ ಕೆಲಸಕ್ಕೆ ನಿಷೇಧ ಬಿತ್ತು, ನಮ್ಮ ಪಾಠಗಳು ಆನ್‌ಲೈನ್ ಆದವು. ಮಕ್ಕಳಿಗೆ ಇದಕ್ಕಿಂತ ಹತ್ತಿರದ ಭೂಗೋಳ ಎಲ್ಲಿ ಸಿಗುತ್ತದೆ? ಮೀಟರ್ ಇದ್ದವರು ಮನೆಯ ಒಳಗೂ ಬಾಲ್ಕನಿಯಲ್ಲೂ ಗಾಳಿಯಲ್ಲಿನ ಸೂಕ್ಷ್ಮ ಕಣ, ಅಂದರೆ ಪಿಎಂ 2.5, ಅಳೆಯಿರಿ, ಇಲ್ಲದವರು ಗಾಳಿಯ ಗುಣಮಟ್ಟ ತೋರಿಸುವ ಸಮೀರ್ ಆ್ಯಪ್ ನೋಡಿ ಎಂದೆ. 24 ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ಎರಡಕ್ಕೂ ಹೋಲಿಸಿ ಬರೆಯಿರಿ ಎಂದೆ.

ಶಾಲೆಯ ಹಿಂದಿನ ಅಪಾರ್ಟ್‌ಮೆಂಟಿನ ಹುಡುಗಿಯೊಬ್ಬಳು ತನ್ನ ಬಾಲ್ಕನಿಯಿಂದ ಕಂಡದ್ದನ್ನು ಬರೆದಳು. ನಿಷೇಧ ಇದ್ದರೂ ನಮ್ಮದೇ ಶಾಲೆಯ ಹೊಸ ಬ್ಲಾಕಿನಲ್ಲಿ ರಾತ್ರಿ ಹೊತ್ತು ಗ್ರಾನೈಟ್ ಕೊಯ್ಯುತ್ತಿದ್ದಾರೆ, ಮಷಿನ್ ಶುರುವಾದಾಗ ಮೀಟರ್ ಏರುತ್ತದೆ, ಕೊಯ್ಯುವವರ ಮೂಗಿಗೆ ಬರೀ ಕರ್ಚೀಫು. ಹೊತ್ತು, ಅಳತೆ ಎಲ್ಲ ಪಟ್ಟಿ ಮಾಡಿದ್ದಳು. ಯಾರನ್ನೂ ಬೈದಿರಲಿಲ್ಲ. ಓದಿ ಒಪ್ಪಿಗೆ ಕೊಟ್ಟೆ. ಇವತ್ತು ತಂದು ತೋರಿಸಿದರೂ ಕೊಡುತ್ತೇನೆ.

ಯಾರೋ ಸ್ಕ್ರೀನ್‌ಶಾಟ್ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರಂತೆ. ನನಗದು ಗೊತ್ತಿರಲಿಲ್ಲ. ಮರುದಿನದ ಕ್ಲಾಸಿನಲ್ಲಿ ಎಲ್ಲರ ಅಳತೆಗಳನ್ನು ಒಟ್ಟಿಗೆ ತೋರಿಸೋಣವೆಂದು ಬ್ಲಾಗ್ ತೆರೆದೆ. ಪುಟವೇ ಇಲ್ಲ ಎಂದು ಬಂತು. ನೆಟ್ ಸರಿಯಿಲ್ಲವೇನೋ ಅಂದುಕೊಂಡು ಮತ್ತೆ ತೆರೆದೆ. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮೈಕ್ ಆನ್ ಮಾಡಿದರು. "ಮ್ಯಾಮ್, ನನ್ನದೂ ಇಲ್ಲ." "ಮ್ಯಾಮ್, ಜುಲೈನಲ್ಲಿ ಬರೆದಿದ್ದೂ ಇಲ್ಲ." ಆಗ ಕಣ್ಣಿಗೆ ಬಿತ್ತು, ಮಕ್ಕಳ ಮುಖಗಳ ಕೊನೆಯಲ್ಲಿ ಕ್ಯಾಮೆರಾ ಆಫ್ ಆಗಿದ್ದ ಒಂದು ಚೌಕ, ಅದರಲ್ಲಿ ಕೋಆರ್ಡಿನೇಟರ್ ಹೆಸರು. ಆ ಹುಡುಗಿ ಕೈ ಎತ್ತಿದಳು. "ಮ್ಯಾಮ್, ನಾನು ಸುಳ್ಳು ಬರೆದೆನಾ?" ನಾನು ಬಾಯಿ ತೆರೆಯುವ ಮೊದಲೇ ನನಗೊಬ್ಬಳಿಗೆ ಮೆಸೇಜ್ ಬಂತು: ದಯವಿಟ್ಟು ಮುಂದಿನ ಪಾಠಕ್ಕೆ ಹೋಗಿ. ನಾನು ಹೋಗಲಿಲ್ಲ. "ಇಲ್ಲ ಬೇಟಾ, ನೀನು ಬರೆದದ್ದೆಲ್ಲ ನಿಜ" ಎಂದು ಎಲ್ಲರೂ ಕೇಳುವಂತೆ ಹೇಳಿದೆ. ಅವಳು ಏನೋ ಹೇಳಹೊರಟಳು. ಪಕ್ಕದಿಂದ ಅವಳಪ್ಪನ ಕೈ ಬಂದು ಲ್ಯಾಪ್‌ಟಾಪ್ ಮುಚ್ಚಿತು.

ಕೋಆರ್ಡಿನೇಟರ್ ಕೊಟ್ಟ ಕಾರಣ ಮಕ್ಕಳ ಮಾಹಿತಿ ರಕ್ಷಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಹದಿನೆಂಟರ ಒಳಗಿನವರಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ನಮ್ಮ ಬಳಿ ಆ ಒಪ್ಪಿಗೆ ಇತ್ತು. ಬ್ಲಾಗಿನಲ್ಲಿ ಮಕ್ಕಳ ಪೂರ್ತಿ ಹೆಸರಿಲ್ಲ, ಫೋಟೋ ಇಲ್ಲ. ಹಾಗಿದ್ದ ಮೇಲೆ ಒಂದು ಬರಹ ಸಾಲದೆಂದು ಬ್ಲಾಗಿನ ಖಾತೆಯನ್ನೇ ಅಳಿಸಿದ್ದು ಯಾರನ್ನು ಕಾಯುವುದಕ್ಕೆ? ನಮ್ಮ ಶಾಲೆಯ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಪಠ್ಯಕ್ರಮವು ಕಲಿಯುವವರಲ್ಲಿ ಹತ್ತು ಗುಣ ಬೆಳೆಯಬೇಕೆನ್ನುತ್ತದೆ. ಪ್ರಾಮಾಣಿಕತೆ, ಸಂವಹನ, ಧೈರ್ಯ ಅದರಲ್ಲಿವೆ. ಆ ಪಟ್ಟಿ ನಮ್ಮ ಕಾರಿಡಾರಿನಲ್ಲೇ ತೂಗುತ್ತಿತ್ತು. ಅದನ್ನು ನಂಬಿ ಬರೆದವಳನ್ನು ಒಬ್ಬ ದೊಡ್ಡವರೂ ಕರೆದು ಮಾತಾಡಿಸಲಿಲ್ಲ.

ಇಂಥದ್ದು ಬೇರೆಡೆಯೂ ನಡೆದಿದೆ. ಸ್ಕಾಟ್ಲೆಂಡಿನ ಮಾರ್ಥಾ ಪೇನ್ ಎಂಬ ಒಂಬತ್ತು ವರ್ಷದ ಹುಡುಗಿ 2012ರಲ್ಲಿ ಶಾಲೆಯ ಊಟದ ಫೋಟೋ ತೆಗೆದು 'ನೆವರ್‌ಸೆಕೆಂಡ್ಸ್' ಬ್ಲಾಗಿಗೆ ಹಾಕುತ್ತಿದ್ದಳು. ಅಲ್ಲಿನ ಸ್ಥಳೀಯ ಆಡಳಿತ ಫೋಟೋ ತೆಗೆಯಬಾರದೆಂದಿತು. ಸುದ್ದಿ ಹಬ್ಬಿದ ಕೂಡಲೇ, ಜೂನ್ 15ರಂದು, ನಿಷೇಧ ವಾಪಸ್ ಪಡೆಯಿತು. ಅವಳ ಬೆನ್ನಿಗೆ ಅಪ್ಪ ನಿಂತಿದ್ದರು. ನಮ್ಮ ಹುಡುಗಿಯ ಅಪ್ಪನನ್ನು ನಾನು ದೂರುವುದಿಲ್ಲ. ಮಗಳ ಸೀಟು ಅದೇ ಶಾಲೆಯಲ್ಲಿತ್ತು.

ನಮ್ಮ ಬ್ಲಾಗಿನ ಖಾತೆ ಇದ್ದದ್ದು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ. ಅಲ್ಲಿ ಅಳಿಸಿದ ಖಾತೆಯನ್ನು ಅಡ್ಮಿನ್ 20 ದಿನಗಳೊಳಗೆ ವಾಪಸ್ ತರಬಹುದು. ಮೇಲ್ ಮೇಲೆ ಮೇಲ್ ಕಳಿಸಿದೆ. ಕೋಆರ್ಡಿನೇಟರ್ ಹೇಳಲಿ ಎಂದು ಐಟಿಯವರು, ಐಟಿಯವರಿಗೆ ಹೇಳಿದ್ದೇನೆ ಎಂದು ಕೋಆರ್ಡಿನೇಟರ್. ಗಡುವು ಮುಗಿದೇ ಹೋಯಿತು. ಶಾಲೆ ತೆರೆದ ಮೇಲೆ ಮಕ್ಕಳು ನೋಟ್‌ಬುಕ್ ತಂದರು. ಪ್ರತಿಯೊಂದು ಬರಹವೂ ಅವರ ಅಕ್ಷರದಲ್ಲೇ ಇತ್ತು, ಗ್ರಾನೈಟಿನ ಪಟ್ಟಿಯೂ ಸೇರಿ. ನಾನು ಮಾರ್ಚ್‌ನಲ್ಲಿ ಆ ಶಾಲೆ ಬಿಟ್ಟೆ.

ಬ್ಲಾಗ್ ಶುರುಮಾಡುವ ಶಿಕ್ಷಕರಲ್ಲಿ ಕೇಳುವುದಿಷ್ಟು. ಮೊದಲ ಹೆಸರು ಸಾಕು, ಬಸ್ ನಂಬರು, ಮನೆ ವಿಳಾಸ ಬೇಡ. ತಿಂಗಳಿಗೊಮ್ಮೆ ಎಲ್ಲವನ್ನೂ ಇಳಿಸಿಕೊಂಡು ಮನೆಗಳಿಗೂ ಒಂದು ಪ್ರತಿ ಕಳಿಸಿ. ಒಪ್ಪಿಗೆ ಪತ್ರದಲ್ಲಿ ಪೋಷಕರ ಸಹಿಯ ಕೆಳಗೆ ಶಾಲೆಯ ಸಹಿಗೂ ಜಾಗ ಬಿಡಿ: ಯಾವ ಬರಹವನ್ನು ತೆಗೆಯುವುದಿದ್ದರೂ ಕಾರಣವನ್ನು ಬರೆದುಕೊಟ್ಟು, ಮಗುವಿನ ಜೊತೆ ಮಾತಾಡಿದ ಮೇಲೆಯೇ ತೆಗೆಯುತ್ತೇವೆ ಎಂದು. ಪ್ರಿನ್ಸಿಪಾಲರು ಅದಕ್ಕೆ ಸಹಿ ಹಾಕದಿದ್ದರೆ ಬ್ಲಾಗ್ ತೆರೆಯಬೇಡಿ.