ಗಣಕಭಾಷೆಯಲ್ಲಿ ಆದೇಶವಿಧಿ

ವ್ಯಾಕರಣಶಾಸ್ತ್ರದಲ್ಲಿ ಇದ್ದ ಅಕ್ಷರವನ್ನು ತೆಗೆದು ಅದರ ಸ್ಥಾನದಲ್ಲಿ ಬೇರೊಂದನ್ನು ತರುವುದಕ್ಕೆ ಆದೇಶವೆಂದು ಹೆಸರು. ಮಳೆ ಎಂಬುದರ ಮುಂದೆ ಕಾಲ ಎಂಬುದು ಬಂದಾಗ ಕಕಾರ ಹೋಗಿ ಗಕಾರ ಬಂದು ಮಳೆಗಾಲವಾಗುವುದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಬಂದ ಆದೇಶವು ಮೊದಲಿದ್ದ ಸ್ಥಾನಿಯ ಧರ್ಮವನ್ನು ಪಡೆಯುತ್ತದೆಯೇ ಎಂಬುದನ್ನು ಪಾಣಿನೀಯರು ಸ್ಥಾನಿವದ್ಭಾವವೆಂಬ ಹೆಸರಿನಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅದೇ ಪ್ರಶ್ನೆ ಗಣಕಯಂತ್ರದ ಸಿ ಭಾಷೆಯಲ್ಲಿಯೂ ಏಳುತ್ತದೆ. ಅಲ್ಲಿ ಉತ್ತರ ತಪ್ಪಿದರೆ ಕೆಡುವುದು ಒಂದು ಪದವಲ್ಲ, ಕೂಡಿಟ್ಟ ಲೆಕ್ಕಪತ್ರ.

ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವನು ಎಲ್ಲವನ್ನೂ ತಾನೇ ಬರೆಯುವುದಿಲ್ಲ. ನಕಲು ಮಾಡುವುದು, ಅಕ್ಷರ ಹುಡುಕುವುದು ಮುಂತಾದ ಕಾರ್ಯಗಳು ಲೈಬ್ರರಿ ಎಂಬ ಭಂಡಾರದಲ್ಲಿ ಫಂಕ್ಷನ್‌ಗಳಾಗಿ ಸಿದ್ಧವಾಗಿರುತ್ತವೆ. ಹೆಸರು ಹಿಡಿದು ಕರೆದರೆ ಸಾಕು. ಯುನಿಕ್ಸ್ ವ್ಯವಸ್ಥೆಯು ಎರಡು ಕವಲಾಗಿ ಬೆಳೆಯಿತು. ಬರ್ಕ್ಲಿ ವಿಶ್ವವಿದ್ಯಾಲಯದ ಬಿ.ಎಸ್.ಡಿ. ಒಂದು, ಎ.ಟಿ. ಅಂಡ್ ಟಿ. ಸಂಸ್ಥೆಯ ಸಿಸ್ಟಮ್ ಫೈವ್ ಇನ್ನೊಂದು. ಅಮೆರಿಕದ ಸನ್ ಸಂಸ್ಥೆಯು ಮೊದಲ ಕವಲಿನ ಸನ್ ಓ.ಎಸ್. 4ರಿಂದ ಎರಡನೆಯ ಕವಲಿಗೆ ದಾಟಿ 1992ರಲ್ಲಿ ಸೊಲಾರಿಸ್ 2 ಎಂಬುದನ್ನು ಹೊರತಂದಿತು. ಬಿಕಾಪಿ, ಬಿಜೀರೋ, ಇಂಡೆಕ್ಸ್ ಎಂಬ ಬಳಕೆಯ ಫಂಕ್ಷನ್‌ಗಳು ಅದರ ಮೊದಲ ಆವೃತ್ತಿಗಳ ಮುಖ್ಯ ಭಂಡಾರದಲ್ಲಿ ಇರಲಿಲ್ಲ. ಭಾಗಗಳನ್ನು ಜೋಡಿಸುವ ಲಿಂಕರ್, ಇಂಥ ಹೆಸರು ದೊರೆಯಲಿಲ್ಲವೆಂದು ಹೇಳಿ ನಿಂತುಬಿಡುತ್ತಿತ್ತು. ಹಾಗೆ ನಿಲ್ಲುವುದು ಉಪಕಾರವೇ ಸರಿ. ನಿಲ್ಲದೆ ಮುಂದೆ ಸಾಗುವುದರಲ್ಲಿಯೇ ಅಪಾಯವಿದೆ.

ಇಂಡೆಕ್ಸ್‌ಗೆ ಬದಲು ಎಸ್‌ಟಿಆರ್‌ಸಿಎಚ್‌ಆರ್ ಎಂದು ಬರೆದರೆ ಮುಗಿಯಿತು, ಹೆಸರಷ್ಟೇ ಬೇರೆ. ಬಿಜೀರೋಗೆ ಬದಲು ಮೆಮ್‌ಸೆಟ್ ಬರುವಾಗ, ತುಂಬಬೇಕಾದದ್ದು ಸೊನ್ನೆಯೆಂದು ನಡುವೆ ಬಾಯಿಬಿಟ್ಟು ಹೇಳಬೇಕು. ಬಿಕಾಪಿಯ ವಿಷಯ ಹಾಗಲ್ಲ. ಅದರ ಹತ್ತಿರದ ನಂಟನಂತೆ ಕಾಣುವ ಮೆಮ್‌ಕಾಪಿಗೆ ಸ್ಥಾನಿಯ ಧರ್ಮ ತಾನಾಗಿ ಬರುವುದಿಲ್ಲ. ಬಿಕಾಪಿಯಲ್ಲಿ ಮೂಲವನ್ನು ಮೊದಲು ಹೇಳಿ ಗಮ್ಯವನ್ನು ಆಮೇಲೆ ಹೇಳಬೇಕು. ಮೆಮ್‌ಕಾಪಿಯಲ್ಲಿ ಗಮ್ಯವೇ ಮೊದಲು. ಹೆಸರನ್ನು ಮಾತ್ರ ಬದಲಿಸಿದವನ ಪಾಡು, ಹಳೆಯ ಲೆಕ್ಕವನ್ನು ಹೊಸ ಪುಸ್ತಕಕ್ಕೆ ಇಳಿಸಹೋಗಿ ಬರಿಯ ಹಾಳೆಯನ್ನೇ ಹಳೆಯ ಲೆಕ್ಕದ ಮೇಲೆ ಇಳಿಸಿದವನ ಪಾಡು. ಲಿಂಕರ್ ಇದನ್ನು ಆಕ್ಷೇಪಿಸುವುದಿಲ್ಲ.

ಕ್ರಮವನ್ನು ತಿದ್ದಿದರೂ ಇನ್ನೊಂದು ದೋಷ ಉಳಿಯುತ್ತದೆ. ನಾಲ್ಕು ಮನೆಗಳಲ್ಲಿ ಕ, ಚ, ಟ, ತ ಎಂದು ಇದೆಯೆನ್ನೋಣ. ಮೊದಲ ಮೂರನ್ನು ಒಂದು ಮನೆ ಮುಂದಕ್ಕೆ ಸರಿಸಿದರೆ ಕ, ಕ, ಚ, ಟ ಎಂದಾಗಬೇಕು. ಎಡದಿಂದ ಒಂದೊಂದಾಗಿ ನಕಲು ಮಾಡುತ್ತ ಹೋದರೆ ಚಕಾರವು ಓದುವ ಮೊದಲೇ ಅಳಿದು, ನಾಲ್ಕೂ ಮನೆಗಳಲ್ಲಿ ಕಕಾರವೇ ಉಳಿದೀತು. ಮೂಲ ಗಮ್ಯಗಳು ಹೀಗೆ ಒಂದರ ಮೇಲೊಂದು ಹಾಯ್ದಾಗಲೂ ಬಿಕಾಪಿ ಸರಿಯಾಗಿ ನಡೆಯುತ್ತದೆ. ಮೆಮ್‌ಕಾಪಿಗೆ ಆ ಹೊಣೆಯಿಲ್ಲ. ಆದುದರಿಂದ ಯುಕ್ತವಾದ ಆದೇಶವೆಂದರೆ, 1989ರ ಅಮೆರಿಕದ ಮಾನಕದಲ್ಲಿ ಸೇರಿದ ಮೆಮ್‌ಮೂವ್. ನೂರು ಕಡೆ ಕೈಯಾಡಿಸುವ ಬದಲು, ಬಿಕಾಪಿ ಎಂದರೆ ಕ್ರಮ ತಿರುಗಿಸಿದ ಮೆಮ್‌ಮೂವ್ ಎಂದು ಒಂದೇ ಕಡೆ ಪರಿಭಾಷೆ ಬರೆದಿಡುವುದು ಮೇಲು.

ಸ್ಥಾನಿಯೇ ದುಷ್ಟವಾಗಿರುವುದೂ ಉಂಟು. ಸಾಲನ್ನು ಓದುವ ಗೆಟ್ಸ್ ಎಂಬುದಕ್ಕೆ ಪಾತ್ರೆಯ ಅಳತೆಯೇ ತಿಳಿಯದು. 1988ರಲ್ಲಿ ಅಮೆರಿಕದ ಜಾಲವನ್ನು ಕಂಗೆಡಿಸಿದ ಮಾರಿಸ್ ಹುಳುವು ನುಗ್ಗಿದ ದಾರಿಗಳಲ್ಲಿ ಇದೂ ಒಂದು. 2011ರ ಮಾನಕವು ಅದನ್ನು ತೆಗೆದುಹಾಕಿತು. ಅದರ ಸ್ಥಾನದಲ್ಲಿ ಬರುವ ಎಫ್‌ಗೆಟ್ಸ್ ಅಳತೆಯನ್ನು ಕೇಳಿ ಪಡೆಯುತ್ತದೆಯಾದರೂ, ಗೆಟ್ಸ್ ಕಳೆಯುತ್ತಿದ್ದ ಸಾಲಿನ ಕೊನೆಯ ಗುರುತನ್ನು ಉಳಿಸಿಕೊಳ್ಳುತ್ತದೆ. ಅದನ್ನು ಕತ್ತರಿಸದೆ ಹೋಲಿಸಿದರೆ, ಪಟ್ಟಿಯಲ್ಲಿರುವ ಹೆಸರೂ ಪಟ್ಟಿಯಲ್ಲಿಲ್ಲವೆಂದೇ ಉತ್ತರ ಬರುತ್ತದೆ.