ಚೀಲದ ಹಿಂಬದಿಯ ಲೆಕ್ಕ

ಕೆಂಚ ನಮ್ಮ ಮನೆಗೆ ಬಂದು ಆರು ವರ್ಷ. ಬೀದಿಯಿಂದ ಎತ್ತಿ ತಂದ ನಾಯಿಮರಿ, 15 ಕೆ.ಜಿ. ಇರಬೇಕಾದವನು. ಹೋದ ವರ್ಷ ಲಸಿಕೆಗೆ ಕರೆದುಕೊಂಡು ಹೋದಾಗ ತೂಕ 19 ದಾಟಿತ್ತು. "ಏನು ಹಾಕ್ತೀರಮ್ಮ ಇವನಿಗೆ?" ಎಂದರು ಡಾಕ್ಟರು. ಹೇಳಿದೆ. "ಚೀಲದ ಹಿಂಬದಿ ಓದಿದ್ದೀರಾ?"

ಓದಿರಲಿಲ್ಲ. ಆಫರ್‌ನಲ್ಲಿ ಕಿಲೋಗೆ 220 ರೂಪಾಯಿಗೆ ಸಿಗುತ್ತದೆ ಎಂದು ಒಣ ಆಹಾರದ 10 ಕಿಲೋ ಚೀಲವನ್ನೇ ತರುತ್ತಿದ್ದೆ.

ಅಂದು ಸಂಜೆ ಚೀಲ ತಿರುಗಿಸಿ ಕೂತೆ. ಪ್ರೋಟೀನ್ ಕನಿಷ್ಠ 20%, ಕೊಬ್ಬು ಕನಿಷ್ಠ 10%, ನಾರು ಗರಿಷ್ಠ 4%, ತೇವಾಂಶ ಗರಿಷ್ಠ 10%. ಕಾರ್ಬೋಹೈಡ್ರೇಟ್ ಎಷ್ಟೆಂದು ಎಲ್ಲೂ ಇಲ್ಲ. ಹೆಚ್ಚಿನ ಚೀಲಗಳ ಮೇಲೆ ಅದನ್ನು ಅಚ್ಚು ಹಾಕುವುದೇ ಇಲ್ಲ. ನಾವೇ ಕಳೆದು ತಿಳಿಯಬೇಕು. ಮೇಲಿನ ನಾಲ್ಕನ್ನು ಕೂಡಿ. ಆಹಾರ ಸುಟ್ಟರೆ ಉಳಿಯುವ ಖನಿಜಾಂಶಕ್ಕೆ ಬೂದಿ ಎನ್ನುತ್ತಾರೆ, ಒಣ ಆಹಾರದಲ್ಲಿ ಅದು ಸುಮಾರು 8%. ಅದನ್ನೂ ಸೇರಿಸಿ. ಒಟ್ಟು 52 ಆಯಿತು. ನೂರಕ್ಕೆ ಉಳಿದ 48 ಕಾರ್ಬೋಹೈಡ್ರೇಟ್. ಕೋಳಿಯ ಚಿತ್ರ ನೋಡಿ ಕೊಂಡ ಚೀಲದಲ್ಲಿ ಹತ್ತಿರಹತ್ತಿರ ಅರ್ಧ ಭಾಗ ಪಿಷ್ಟ.

ಪಿಷ್ಟವೇನೂ ವಿಷವಲ್ಲ. ಯಂತ್ರದಲ್ಲಿ ಆಹಾರದ ಕಾಳು ಒಡೆಯದೆ ಗಟ್ಟಿಯಾಗಿ ಬರಬೇಕಾದರೆ ಪಿಷ್ಟ ಬೇಕೇ ಬೇಕು. ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸಿಕೊಳ್ಳುವ ಶಕ್ತಿ ಹೆಚ್ಚು ಎಂದು 2013ರಲ್ಲಿ ವಂಶವಾಹಿ ಅಧ್ಯಯನವೇ ತೋರಿಸಿದೆ. ಮುದ್ದೆ, ಮಜ್ಜಿಗೆ ಅನ್ನ ತಿಂದು ನಮ್ಮ ಹಳ್ಳಿಗಳ ನಾಯಿಗಳು ಬದುಕಿವೆ. ಆದರೆ ಕೊಡುವ ದುಡ್ಡು ಯಾವುದಕ್ಕೆ ಹೋಗುತ್ತಿದೆ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು.

ಪದಾರ್ಥಗಳ ಪಟ್ಟಿಯನ್ನೂ ಎಚ್ಚರದಿಂದ ಓದಬೇಕು. ಬೇಯಿಸುವ ಮೊದಲಿನ ತೂಕದ ಪ್ರಕಾರ ಅದನ್ನು ಬರೆಯುತ್ತಾರೆ. ಹಸಿ ಕೋಳಿಮಾಂಸದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಒಣಗಿದ ಮೇಲೆ ಮೊದಲ ಸ್ಥಾನದ ಕೋಳಿ ಎಷ್ಟು ಉಳಿದೀತು? ಪ್ರೋಟೀನ್ ಅಂಕಿಯೂ ಪೂರ್ತಿ ಕಥೆ ಹೇಳುವುದಿಲ್ಲ. ಅದು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಬಂದ ಸಂಖ್ಯೆ. 2007ರಲ್ಲಿ ಅಮೆರಿಕದಲ್ಲಿ ಸಾಕುಪ್ರಾಣಿಗಳ ಆಹಾರ ಭಾರೀ ಪ್ರಮಾಣದಲ್ಲಿ ವಾಪಸಾದದ್ದು ಇದೇ ಕಾರಣಕ್ಕೆ: ಚೀನಾದಿಂದ ಬಂದ ಗೋಧಿ ಗ್ಲೂಟನ್‌ನಲ್ಲಿ ಪ್ರೋಟೀನ್ ಹೆಚ್ಚು ಕಾಣಲೆಂದು ಸಾರಜನಕ ತುಂಬಿದ ಮೆಲಮೈನ್ ಬೆರೆಸಿದ್ದರು. ಮೂತ್ರಪಿಂಡ ಕೆಟ್ಟು ನಾಯಿ, ಬೆಕ್ಕುಗಳು ಸತ್ತವು.

ಮುಂದಿನ ಸಲ ಅಂಗಡಿಗೆ ಹೋದಾಗ ಮೂರು ಚೀಲ ಪಕ್ಕಪಕ್ಕ ಇಟ್ಟೆ. ನನ್ನ ಹಳೆಯದು 220 ರೂಪಾಯಿ, ಪ್ರೋಟೀನ್ 20%. ಎರಡನೆಯದು 290, ಪ್ರೋಟೀನ್ 26%. ಮೂರನೆಯದು 420, ಪ್ರೋಟೀನ್ 30%. ನೂರು ಗ್ರಾಂ ಪ್ರೋಟೀನಿಗೆ ಎಷ್ಟು ಬಿತ್ತು ಎಂದು ಭಾಗಿಸಿದರೆ 110, 112, 140. ಕಿಲೋಗೆ 70 ರೂಪಾಯಿ ಅಂತರವಿದ್ದ ಮೊದಲೆರಡು ಚೀಲಗಳ ನಡುವೆ ಪ್ರೋಟೀನಿನ ಲೆಕ್ಕದಲ್ಲಿ ಉಳಿದದ್ದು ಎರಡು ರೂಪಾಯಿ. ಮೂರನೆಯದರ ಹೆಚ್ಚಿನ ಬೆಲೆಗೆ ನನಗೆ ಕಾರಣ ಕಾಣಲಿಲ್ಲ. ವಯಸ್ಕ ನಾಯಿಗೆ ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋದ ಮಾನದಂಡ ಕೇಳುವ ಪ್ರೋಟೀನ್, ನೀರಿನಂಶ ಬಿಟ್ಟು, ಕನಿಷ್ಠ 18%.

ಇನ್ನೊಂದು ತಪ್ಪು ನನ್ನದೇ. ಕೆಂಚ ಬಟ್ಟಲು ನೆಕ್ಕಿ ಮುಖ ನೋಡಿದಾಗಲೆಲ್ಲ ಇನ್ನಷ್ಟು ಸುರಿಯುತ್ತಿದ್ದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ ದಿನಕ್ಕೆ 300 ಗ್ರಾಂ, ಅಂದರೆ 66 ರೂಪಾಯಿ. ಈಗ ಡಾಕ್ಟರು ಹೇಳಿದಂತೆ ಎರಡನೇ ಚೀಲದ್ದು 220 ಗ್ರಾಂ ತೂಗಿಯೇ ಹಾಕುತ್ತೇನೆ. ದಿನಕ್ಕೆ ಸುಮಾರು 64 ರೂಪಾಯಿ. ಎಂಟು ತಿಂಗಳಲ್ಲಿ ಕೆಂಚ 16 ಕಿಲೋಗೆ ಇಳಿದಿದ್ದಾನೆ.