ಕಡಲೊಳಗಿನ ಹಾಡುಗಾರ

ವಿದ್ಯಾರ್ಥಿಗಳೇ, ಕೋಗಿಲೆ ಹಾಡುತ್ತದೆಂದರೆ ನಮಗಾರಿಗೂ ಅಚ್ಚರಿಯಿಲ್ಲ. ಆದರೆ ಮೂವತ್ತು ಟನ್ ತೂಗುವ ಪ್ರಾಣಿಯೊಂದು ಕಡಲಿನಲ್ಲಿ ಹಾಡುತ್ತದೆಂದರೆ? ಗೂನುಬೆನ್ನಿನ ತಿಮಿಂಗಿಲವೇ ಆ ಹಾಡುಗಾರ. ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡಿಸುವ ಸಸ್ತನಿಯೆಂದು ನಾವು ಪಾಠದಲ್ಲಿ ಓದಿದ್ದೇವೆ.

ಬರ್ಮುಡಾ ದ್ವೀಪದ ಬಳಿ ಅಮೆರಿಕದ ನೌಕಾಪಡೆಗಾಗಿ ದುಡಿಯುತ್ತಿದ್ದ ಎಂಜಿನಿಯರ್ ಫ್ರಾಂಕ್ ವಾಟ್ಲಿಂಗ್‌ಟನ್ ನೀರೊಳಗೆ ಧ್ವನಿಗ್ರಾಹಕಗಳನ್ನಿಟ್ಟು ಈ ದನಿಗಳನ್ನು ಮುದ್ರಿಸಿಕೊಂಡರು. ಅವನ್ನು ಆಲಿಸಿದ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ, ಇದು ಬರಿಯ ಕೂಗಲ್ಲ, ಕ್ರಮಬದ್ಧವಾದ ಹಾಡೆಂದು 1971ರಲ್ಲಿ ಪ್ರಕಟಿಸಿದರು.

ನಾವು ಅಕ್ಷರಗಳಿಂದ ಪದ, ಪದಗಳಿಂದ ಸಾಲು, ಸಾಲುಗಳಿಂದ ಪದ್ಯ ಕಟ್ಟುವಂತೆಯೇ ಈ ಹಾಡಿನಲ್ಲಿಯೂ ಬಿಡಿ ದನಿಗಳು ಸೇರಿ ಸಾಲಾಗುತ್ತವೆ. ಸಾಲುಗಳು ಮರುಕಳಿಸಿ ಭಾಗಗಳಾಗುತ್ತವೆ. ಭಾಗಗಳು ಗೊತ್ತಾದ ಸರದಿಯಲ್ಲಿ ಬರುತ್ತವೆ. ಒಂದು ಹಾಡು ಸಾಮಾನ್ಯವಾಗಿ 10–20 ನಿಮಿಷದ್ದು. ಅದನ್ನೇ ಗಂಟೆಗಟ್ಟಲೆ ಹಾಡುವುದುಂಟು. ಹಾಡುವುದು ಗಂಡುಗಳು ಮಾತ್ರ.

ಇನ್ನೊಂದು ಸೋಜಿಗವಿದೆ. ಒಂದು ಪ್ರದೇಶದ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತವೆ. 1996ರಲ್ಲಿ ಆಸ್ಟ್ರೇಲಿಯದ ಪೂರ್ವ ತೀರದಲ್ಲಿ ಎರಡು ತಿಮಿಂಗಿಲಗಳು ಪಶ್ಚಿಮ ತೀರದ ಹಾಡನ್ನು ಹಾಡುತ್ತಿದ್ದುವು. 1998ರ ವೇಳೆಗೆ ಪೂರ್ವ ತೀರದವೆಲ್ಲ ಹಳೆಯದನ್ನು ಬಿಟ್ಟು ಆ ಹೊಸ ಹಾಡನ್ನೇ ಕಲಿತಿದ್ದುವು! ಅಂದರೆ ಹಾಡು ಹುಟ್ಟಿನಿಂದ ಬಂದದ್ದಲ್ಲ, ಕೇಳಿ ಕಲಿತದ್ದು.

ಮನುಷ್ಯರೂ ಇವುಗಳೊಡನೆ ಸಂಗೀತ ಕೂಡಿಸಿದ್ದಾರೆ. ಅಲನ್ ಹೊವಾನೆಸ್ 1970ರಲ್ಲಿ ತಿಮಿಂಗಿಲಗಳ ಮುದ್ರಿತ ಹಾಡನ್ನು ವಾದ್ಯವೃಂದದೊಡನೆ ಸೇರಿಸಿದರು. ಡೇವಿಡ್ ರೋಥೆನ್‌ಬರ್ಗ್ ಹವಾಯಿಯ ಬಳಿ ದೋಣಿಯಲ್ಲಿ ಕುಳಿತು ಕ್ಲಾರಿನೆಟ್ ನುಡಿಸಿ, ಆ ನಾದವನ್ನು ನೀರಿಗಿಳಿಸಿದರು. ತಿಮಿಂಗಿಲದ ದನಿ ಕೇಳಿಬಂದರೂ ಅದು ಉತ್ತರವೇ ಎಂದು ನಿಶ್ಚಯವಾಗಿ ಹೇಳಲಾಗದು.

ಆದರೆ ಹಾಡು ಮನುಷ್ಯರ ಮನಸ್ಸನ್ನು ಮುಟ್ಟಿದ್ದು ನಿಜ. ಎಣ್ಣೆ, ಮಾಂಸಗಳಿಗಾಗಿ ಲಕ್ಷಗಟ್ಟಲೆ ತಿಮಿಂಗಿಲಗಳನ್ನು ಕೊಂದಿದ್ದರು. 1970ರಲ್ಲಿ ಈ ಹಾಡುಗಳ ಧ್ವನಿಮುದ್ರಿಕೆ ಹೊರಬಂದು ಮನೆಮನೆಗಳನ್ನು ತಲಪಿತು. ಅವುಗಳನ್ನು ಉಳಿಸಬೇಕೆಂಬ ಕೂಗಿಗೆ ಬಲ ಬಂತು. ವ್ಯಾಪಾರಕ್ಕಾಗಿ ನಡೆಯುವ ಬೇಟೆಯನ್ನು ನಿಲ್ಲಿಸಲು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ತೀರ್ಮಾನಿಸಿತು.

ನಮ್ಮ ಕಾಸರಗೋಡಿನ ಪಡುವಣ ಕಡಲಾದ ಅರಬ್ಬೀ ಸಮುದ್ರದಲ್ಲಿಯೂ ಗೂನುಬೆನ್ನಿನ ತಿಮಿಂಗಿಲಗಳ ಸಣ್ಣ ಗುಂಪೊಂದಿದೆ. ಮೀನುಬಲೆಗಳೂ ಹಡಗುಗಳ ಸದ್ದೂ ಇಂದು ಅವಕ್ಕೆ ಕಂಟಕ. ಸದ್ದು ಹೆಚ್ಚಿದಲ್ಲಿ ಒಂದರ ಹಾಡು ಇನ್ನೊಂದಕ್ಕೆ ಕೇಳಿಸದು; ಕಿವಿಗೆ ಬೀಳದ ಹಾಡನ್ನು ಎಳೆಯದು ಕಲಿಯಲಾರದು.

ಮನೆಮಾತಿಗೂ ಇದೇ ನಿಯಮವಲ್ಲವೇ? ಹೆತ್ತವರೇ, ಅಜ್ಜಿಯ ಹಾಡು, ಕತೆ ನಮ್ಮ ಮಕ್ಕಳ ಕಿವಿಗೆ ದಿನವೂ ಬೀಳುತ್ತಿರಲಿ.